ಗಾಜಿಗೆ ತೂತು, ನೀರಿಗೆ ದಾರಿ

ಜನವರಿ 5, 2025, ಭಾನುವಾರ. ಚನ್ನಪಟ್ಟಣ

ರಾಮನಗರದ ಹೋಟೆಲಿನ ಹಳೇ ಅಕ್ವೇರಿಯಂ ಕೊನೆಗೂ ಮನೆ ಸೇರಿತು. ಅವರು ವ್ಯಾಪಾರ ಮುಚ್ಚುತ್ತಿದ್ದಾರೆ. ಗಲ್ಲಾಪೆಟ್ಟಿಗೆಯ ಪಕ್ಕ ವರ್ಷಗಟ್ಟಲೆ ನಿಂತಿದ್ದ ಟ್ಯಾಂಕು ಇದು: ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎತ್ತರವೂ ಅಷ್ಟೇ. ವರ್ನಿಯರ್ ಇಟ್ಟು ನೋಡಿದರೆ ಗಾಜಿನ ದಪ್ಪ 8 ಮಿ.ಮೀ. ಟಾಟಾ ಏಸ್‌ನಲ್ಲಿ ಥರ್ಮಾಕೋಲ್ ಹಾಸಿ, ತಮ್ಮ ಒಂದು ಬದಿ, ನಾನೊಂದು ಬದಿ ಹಿಡಿದು ಕೂತು ತಂದೆವು. ಗಾಜಿನ ತೂಕವೇ 42 ಕೆ.ಜಿ. ಹತ್ತಿರ. ಒಂದು ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕೆ.ಜಿ. ಎಂಬುದು ಗಾಜಿನ ಲೆಕ್ಕ. ಒಳಗೆ 250 ಲೀಟರ್ ನೀರು ನಿಂತರೆ ಒಟ್ಟು 300 ಕೆ.ಜಿ. ಮುಟ್ಟುತ್ತದೆ. ಸ್ಟ್ಯಾಂಡು ಕಬ್ಬಿಣದ್ದೇ ಆಗಬೇಕು.

ಇದು ನಮ್ಮ ಶಾಲೆಯ ವಿಜ್ಞಾನ ಕೊಠಡಿಗೆ. ಕಳೆದ ವರ್ಷ ಎಂಟನೇ ತರಗತಿಗೆ ಜಲಚರಗಳ ಪಾಠ ಮಾಡುವಾಗ ಅರ್ಕಾವತಿಯಲ್ಲಿ ಯಾವ ಮೀನಿದೆ ಎಂದು ಕೇಳಿದೆ. ಒಬ್ಬ ಹುಡುಗ ಎದ್ದು ನಿಂತು, "ಅದ್ರಲ್ಲಿ ನೊರೆ ಐತೆ ಮಿಸ್" ಅಂದ. ಯಾರೂ ನಗಲಿಲ್ಲ. ಎಲ್ಲರೂ ಕಂಡಿದ್ದು ಅದನ್ನೇ. ಹರಿಯುವ ತಿಳಿನೀರಿನಲ್ಲಿ ಎದುರು ಈಜುವ ಮೀನನ್ನು ಈ ಮಕ್ಕಳಿಗೆ ತೋರಿಸಬೇಕು ಅನ್ನುವುದು ಅಂದಿನಿಂದ ತಲೆಯಲ್ಲಿ ಕೂತಿದೆ.

ನಿಂತ ನೀರಿನ ತೊಟ್ಟಿಯಲ್ಲಿ ಅದು ಆಗದು. ಮೇಲೆ ನೇತುಹಾಕುವ ಸಣ್ಣ ಫಿಲ್ಟರ್ ಸಾಲದು. ಮೇಲಿನ ತೊಟ್ಟಿಯಿಂದ ನೀರು ತಾನಾಗಿ ಕೆಳಗಿನ ಸಂಪಿಗೆ ಇಳಿಯಬೇಕು, ಅಲ್ಲಿ ಸೋಸಿಕೊಂಡು ಪಂಪಿನಿಂದ ಮತ್ತೆ ಮೇಲೇರಬೇಕು. ಅದಕ್ಕೆ ಗಾಜಿಗೆ ತೂತು ಕೊರೆಯಬೇಕು.

ಜನವರಿ 8, ಬುಧವಾರ

ಕೊರೆಯುವ ಮೊದಲು ತಿಳಿಯಬೇಕಾದ ವಿಷಯ ಒಂದೇ: ಇದು ಸಾದಾ ಗಾಜೋ, ಟಫನ್ಡ್ ಗಾಜೋ? ಟಫನ್ಡ್ ಗಾಜನ್ನು ಕಾಯಿಸಿ ಥಟ್ಟನೆ ತಣ್ಣಗೆ ಮಾಡಿರುತ್ತಾರೆ. ಅದರ ಮೈಮೇಲ್ಪದರ ಬಿಗಿದುಕೊಂಡಿರುತ್ತದೆ, ಒಳಗು ಎಳೆದುಕೊಂಡಿರುತ್ತದೆ. ಆ ಬಿಗಿತವನ್ನು ಎಲ್ಲಿ ಕೆದಕಿದರೂ ಇಡೀ ಹಾಳೆ ಪುಡಿಪುಡಿ. ಅದಕ್ಕೆ ತೂತು ಕೊರೆಯುವ ಉಪಾಯವೇ ಇಲ್ಲ.

ಸಂಜೆ ದೀಪ ಆರಿಸಿ ಪರೀಕ್ಷೆ ಮಾಡಿದೆವು. ಲ್ಯಾಪ್‌ಟಾಪಿನ ಪರದೆಯನ್ನು ಪೂರ್ತಿ ಬೆಳ್ಳಗೆ ಮಾಡಿ ಗಾಜಿನ ಹಿಂದೆ ಇಟ್ಟೆ. ತಮ್ಮನ ಪೋಲರಾಯ್ಡ್ ಕನ್ನಡಕವನ್ನು ಕಣ್ಣ ಮುಂದೆ ಹಿಡಿದು, ಪರದೆ ಕಪ್ಪಾಗುವವರೆಗೆ ತಿರುಗಿಸಿದೆ. ಟಫನ್ಡ್ ಆಗಿದ್ದರೆ ಆ ಕಪ್ಪಿನಲ್ಲಿ ಬೆಳಕಿನ ಪಟ್ಟೆಗಳು, ಮಚ್ಚೆಗಳು ಮೂಡುತ್ತವೆ. ಗಾಜಿನೊಳಗಿನ ಒತ್ತಡವೇ ಹಾಗೆ ಕಾಣುವುದು. ಹಿಂಬದಿಯ ಗಾಜಿನಲ್ಲಿ ಏನೂ ಮೂಡಲಿಲ್ಲ, ಒಂದೇ ಸಮ ಕಪ್ಪು. ಸಾದಾ ಗಾಜು. ಮೂಲೆಗಳಲ್ಲಿ ಕಂಪನಿಯ ಮುದ್ರೆಯೂ ಇಲ್ಲ. ತಳದ ಗಾಜನ್ನೂ ನೋಡಿದೆ, ಅದೂ ಸಾದಾ. ಆದರೂ ತಳಕ್ಕೆ ಕೊರೆಯುವುದಿಲ್ಲ. ಹಳೇ ತೊಟ್ಟಿಯ ತಳಕ್ಕೆ ತೂತು ಕೊರೆದು, ಯಾವತ್ತೋ ಒಂದು ದಿನ ವಾಷರ್ ಸೋತರೆ, 250 ಲೀಟರೂ ನೆಲಕ್ಕೆ. ಹಿಂಬದಿಯಲ್ಲಿ ಮೇಲ್ಗಡೆ ಕೊರೆದರೆ ಸೋರುವುದು ತೂತಿನ ಮೇಲಿರುವ ನೀರಷ್ಟೇ, ಮೀನು ಉಳಿಯುತ್ತದೆ. ಬೇರೆಯವರು ಏನೇ ಹೇಳಲಿ, ಸೆಕೆಂಡ್ ಹ್ಯಾಂಡ್ ಗಾಜಿನ ಮಟ್ಟಿಗೆ ನನ್ನ ತೀರ್ಮಾನ ಇದು.

ಜನವರಿ 11, ಶನಿವಾರ. ಕನಕಪುರ

ಅಕ್ಕನ ಮನೆಗೆ ಬಂದಿದ್ದೇನೆ. ಅರ್ಕಾವತಿಯ ಸೇತುವೆ ದಾಟುವಾಗ ಬಸ್ಸಿನ ಕಿಟಕಿ ಮುಚ್ಚಿಕೊಂಡರು ಜನ. ನಂದಿಬೆಟ್ಟದ ಕಡೆ ಹುಟ್ಟಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ ದಾಟಿ, ರಾಮನಗರ ಹಾದು ಇಲ್ಲಿಗೆ ಬರುವ ನದಿ ಇದು. ಹೆಸರಘಟ್ಟದ ಕೆರೆ 1890ರ ದಶಕದಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು, 1933ರಲ್ಲಿ ತಿಪ್ಪಗೊಂಡನಹಳ್ಳಿ ಕೊಟ್ಟಿತು. ಬೆಂಗಳೂರು ತಿರುಗಿ ಕೊಟ್ಟದ್ದು ವೃಷಭಾವತಿಯ ಕೊಚ್ಚೆ. ಅದು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬಂದು, ಮುಂದೆ ಅರ್ಕಾವತಿಗೆ ಸೇರುತ್ತದೆ. ಆ ನೀರೇ ಸಂಗಮದಲ್ಲಿ ಕಾವೇರಿಗೆ. ಅಲ್ಲಿ ಕಾವೇರಿಯಲ್ಲಿ ಇರುವುದು ಬೆನ್ನು ಗೂನಿನ ಮಹಶೀರ್, ನಮ್ಮವರ ಬಿಳಿಮೀನು. ಅದಕ್ಕೆ ವಿಜ್ಞಾನದಲ್ಲಿ ಸರಿಯಾದ ಹೆಸರು ಸಿಕ್ಕಿದ್ದೇ 2018ರಲ್ಲಿ, ಟಾರ್ ರೆಮದೇವಿ ಎಂದು. ಅಳಿವಿನ ತುತ್ತತುದಿಯಲ್ಲಿರುವ ಜೀವಿಗಳ ಪಟ್ಟಿಗೂ ಅದು ಸೇರಿದೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಮಧ್ಯಾಹ್ನ ಅಕ್ಕನ ಮನೆ ಹತ್ತಿರದ ಗ್ರಾನೈಟ್ ಅಂಗಡಿಗೆ ಹೋಗಿದ್ದೆ. ಅಡುಗೆ ಕಟ್ಟೆಯ ಕಲ್ಲಿಗೆ ನಲ್ಲಿಯ ತೂತು ಕೊರೆಯುತ್ತಿದ್ದರು. ಅದೂ ಡೈಮಂಡ್ ಬಿಟ್ಟೇ. ಗಾಜಿಗೆ ಬೇಕಾದ್ದಕ್ಕಿಂತ ಒರಟು ಕಣದ್ದು, ಅಷ್ಟೇ ವ್ಯತ್ಯಾಸ. ಕೆಲಸದವರನ್ನು ಕೇಳಿದೆ. ಮೆಷಿನ್ ನಿಲ್ಲಿಸಿ ಹೇಳಿದರು: "ಕಲ್ಲಾಗ್ಲಿ ಗಾಜಾಗ್ಲಿ ಮೇಡಂ, ಈ ಬಿಟ್ಟು ಕುಯ್ಯಲ್ಲ, ಉಜ್ತದೆ. ನೀರು ನಿಂತ್ರೆ ಬಿಸಿ. ಬಿಸಿ ಆದ್ರೆ ಬಿರುಕು. ಕೈ ಭಾರ ಹಾಕ್ಬೇಡಿ, ಮೆಷಿನ್ ಭಾರವೇ ಸಾಕು." ಹ್ಯಾಮರ್ ಗುಂಡಿ ಮುಟ್ಟಲೇಬೇಡಿ ಅಂತ ಎರಡು ಸಲ ಹೇಳಿದರು. ಬಾಟಲಿ ಮುಚ್ಚಳಕ್ಕೆ ಸಣ್ಣ ತೂತು ಮಾಡಿ ಹನಿಹನಿಯಾಗಿ ನೀರು ಬಿಡುವುದನ್ನು ತೋರಿಸಿಯೂ ಕೊಟ್ಟರು. ಪುಸ್ತಕ ಓದಿ ತಿಳಿದದ್ದು ಇವರ ಮಾತಿನಲ್ಲಿ ಗಟ್ಟಿಯಾಯಿತು.

ಜನವರಿ 14, ಮಂಗಳವಾರ. ಸಂಕ್ರಾಂತಿ

ಎಳ್ಳು ಬೀರಿದ್ದಾಯಿತು. ಸಂಜೆ ಊರಿನಲ್ಲಿ ದನಗಳನ್ನು ಕಿಚ್ಚು ಹಾಯಿಸಿದರು. ಗಾಜಿನ ಹತ್ತಿರ ಹೋಗಲಿಲ್ಲ.

ಜನವರಿ 16, ಗುರುವಾರ

ಹಾರ್ಡ್‌ವೇರ್ ಅಂಗಡಿ. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಹಾಕುವ ಟ್ಯಾಂಕ್ ನಿಪ್ಪಲ್ಲೇ ಇಲ್ಲಿಗೂ ಬೇಕಾದದ್ದು. ಒಂದಿಂಚಿನದು ಎರಡು ತೆಗೆದುಕೊಂಡೆ. ಥ್ರೆಡ್ಡಿನ ಹೊರ ಅಳತೆ ವರ್ನಿಯರ್‌ನಲ್ಲಿ 40 ಮಿ.ಮೀ. ಒಳಗೆ ಬಂತು, ಅದಕ್ಕೇ 42ರ ಬಿಟ್. ತೂತಿನಲ್ಲಿ ನಿಪ್ಪಲ್ ಸುತ್ತ ಒಂದು ಚೂರು ಸಡಿಲ ಇರಲೇಬೇಕು. ಪ್ಲಾಸ್ಟಿಕ್ ಹಿಗ್ಗುತ್ತದೆ, ಗಾಜು ಬಗ್ಗುವುದಿಲ್ಲ. ಬಿಗಿಯಾಗಿ ತುರುಕಿದರೆ ಒಡೆಯುವುದು ಗಾಜೇ.

ಯುಪಿವಿಸಿ ಪೈಪು, ಎಲ್ಬೋ, ಟೀ, ಎರಡು ಯೂನಿಯನ್, ಒಂದು ಬಾಲ್ ವಾಲ್ವ್. ಅಂಗಡಿಯವರು ಹಿತ್ತಾಳೆ ಕೂರಿಸಿದ ಎಲ್ಬೋ ಎತ್ತಿಕೊಟ್ಟು, "ಇದೇ ಬಾಳಿಕೆ ಮೇಡಂ" ಅಂದರು. ಮನೆಯ ನಲ್ಲಿಗೆ ನಿಜ. ಮೀನಿನ ನೀರಿಗೆ ಬೇಡ. ಹಿತ್ತಾಳೆಯಲ್ಲಿ ತಾಮ್ರ ಇದೆ, ಬಸವನಹುಳು, ಸೀಗಡಿಗಳಿಗೆ ತಾಮ್ರ ವಿಷ, ಹೆಚ್ಚಾದರೆ ಮೀನಿಗೂ. ಪೂರ್ತಿ ಪ್ಲಾಸ್ಟಿಕ್ಕಿನದೇ ಹುಡುಕಿಸಿದೆ. ಯೂನಿಯನ್ ಯಾಕೆ ಎಂದು ಪ್ಲಂಬರ್ ಅಣ್ಣ ಕೇಳಿದರು. ಅಂಟು ಹಾಕಿದ ಪೈಪನ್ನು ಮುಂದೆ ಬಿಚ್ಚಬೇಕಾದರೆ ಗರಗಸವೇ ಗತಿ. ಯೂನಿಯನ್ ಇದ್ದರೆ ಕೈಯಲ್ಲಿ ತಿರುಗಿಸಿ, ತೊಳೆದು, ಮತ್ತೆ ಕೂರಿಸಬಹುದು. ಮಕ್ಕಳೇ ಮಾಡಬಹುದು.

ಜನವರಿ 18, ಶನಿವಾರ

ಬಿಟ್ಟು ಗಾಜಿನ ಮೇಲೆ ಮೊದಲು ಕೂರುವಾಗ ಜಾರುತ್ತದೆ, ನಡುವೆ ಕಚ್ಚಿ ಹಿಡಿಯುವ ಮೊಳೆ ಅದಕ್ಕಿಲ್ಲ. ದಾರಿ ತೋರಿಸಲು ಒಂದು ಮರದ ಬಳೆ ಬೇಕು. ಚನ್ನಪಟ್ಟಣದಲ್ಲಿ ಇದ್ದುಕೊಂಡು ಮರ ತಿರುಗಿಸುವವರನ್ನು ಬೇರೆಲ್ಲಿ ಹುಡುಕಲಿ? ಪಕ್ಕದ ಬೀದಿಯ ಬೊಂಬೆ ಕಾರ್ಖಾನೆಯ ಸಾಬರ ಹತ್ತಿರ ಹೋದೆ. ಬಿಟ್ಟನ್ನು ಕೈಯಲ್ಲಿ ಹಿಡಿದು ಒಮ್ಮೆ ನೋಡಿದರು, ಆಲೆ ಮರದ ತುಂಡನ್ನು ಲೇತಿಗೆ ಕಚ್ಚಿಸಿದರು. ಅಳತೆಪಟ್ಟಿ ಹೆಚ್ಚು ಮುಟ್ಟಲಿಲ್ಲ. ಬಿಟ್ಟು ಸಲೀಸಾಗಿ ತಿರುಗುವ, ಆದರೆ ಅಲ್ಲಾಡದ ಬಳೆ ಸಿದ್ಧ. ಅಭ್ಯಾಸಬಲದಿಂದ ಅರಗಿನ ಕಡ್ಡಿ ಕೈಗೆತ್ತಿಕೊಂಡು, "ಬಣ್ಣ ಹಾಕ್ಲಾ ಅಮ್ಮಾ?" ಅಂದರು. ನೀರಲ್ಲಿ ಕೆಲಸ, ಬೇಡ ಅಂದೆ. ದುಡ್ಡು ಮುಟ್ಟಲಿಲ್ಲ. "ಮಕ್ಕಳ ಕೆಲಸ ಅಲ್ವಾ, ಮೀನು ಬಂದಾಗ ನಮ್ಮ ಮೊಮ್ಮಗನಿಗೂ ತೋರ್ಸಿ" ಎಂದರು. ಈ ಊರಿನ ಕೈಗಳ ಮೇಲೆ ನನಗಿರುವ ಗೌರವ ದೊಡ್ಡದು. ಬೊಂಬೆಗೆ ಭೌಗೋಳಿಕ ಗುರುತಿನ ಪಟ್ಟ ಬಂದದ್ದು ಸರಿಯೇ, ಆ ಕೈಗಳಿಗೆ ದಿನದ ಕೂಲಿಯೂ ಅಷ್ಟೇ ಗೌರವದ್ದಾಗಬೇಕು.

ಜನವರಿ 19, ಭಾನುವಾರ

ಕೊರೆದೆವು.

ಬೆಳಿಗ್ಗೆ ಮೊದಲು ಗಾಜಿನಂಗಡಿಯ ರದ್ದಿ ತುಂಡಿನ ಮೇಲೆ ಕೈ ಪಳಗಿಸಿಕೊಂಡೆವು. ಆಮೇಲೆ ಟ್ಯಾಂಕನ್ನು ಮುಂಬದಿಯ ಮೇಲೆ ಥರ್ಮಾಕೋಲಿನಲ್ಲಿ ಮಲಗಿಸಿದೆವು, ಹಿಂಬದಿಯ ಗಾಜು ಮೇಲೆ ಬಂತು. ಗುರುತು ಹಾಕಿದ್ದು ಹೀಗೆ: ಮೇಲಂಚಿನಿಂದ ತೂತಿನ ನಡುಮಧ್ಯಕ್ಕೆ 9 ಸೆಂ.ಮೀ., ಎರಡು ತೂತುಗಳ ನಡುಮಧ್ಯಗಳ ಅಂತರ 12 ಸೆಂ.ಮೀ. ತೂತಿನ ಅಂಚಿಗೂ ಗಾಜಿನ ಅಂಚಿಗೂ ನಡುವೆ ಕಡೇಪಕ್ಷ ತೂತಿನಷ್ಟೇ ಅಗಲದ ಗಾಜು ಉಳಿಯಬೇಕು. ಇಲ್ಲವಾದರೆ ಆ ಸಣ್ಣ ಸೇತುವೆಯಲ್ಲೇ ಬಿರುಕು ಹುಟ್ಟುತ್ತದೆ. ಎರಡು ತೂತು ಯಾಕೆಂದರೆ, ಒಂದು ದಿನನಿತ್ಯದ ಹರಿವಿಗೆ, ಇನ್ನೊಂದು ಆಪತ್ತಿಗೆ. ಎಲೆಯೋ ಬಸವನಹುಳುವೋ ಮೊದಲ ಪೈಪಿಗೆ ಸಿಕ್ಕಿಕೊಂಡರೆ, ನೀರು ತುಸು ಮೇಲೇರಿ ಎರಡನೆಯದರಲ್ಲಿ ಇಳಿಯಬೇಕು. ನೀರನ್ನು ಮೇಲೆ ತರುವ ಪೈಪಿಗೆ ತೂತು ಬೇಡ, ಅಂಚಿನ ಮೇಲಿಂದ ಬರಲಿ.

ಗಾಜಿನ ಒಳಮೈಗೆ, ತೂತು ಬೀಳುವ ಜಾಗದಲ್ಲಿ, ದಪ್ಪ ಟೇಪು ಅಂಟಿಸಿದೆ. ಕೆಳಗೆ ಮಡಿಸಿದ ಕಂಬಳಿ. ಮೇಲೆ ಆಲೆ ಮರದ ಬಳೆ, ಅದರ ಸುತ್ತ ಮಕ್ಕಳ ಮಣ್ಣಿನ ಆಟದ ಜೇಡಿಯಿಂದ ಕಟ್ಟೆ, ಕಟ್ಟೆಯೊಳಗೆ ನೀರು. ಡ್ರಿಲ್ ಬ್ಯಾಟರಿಯದು. ನೀರಿನ ಕೆಲಸಕ್ಕೆ ವೈರಿನ ಡ್ರಿಲ್ ಹಿಡಿಯಲು ತಮ್ಮನನ್ನು ಬಿಡಲಿಲ್ಲ. ಇಬ್ಬರಿಗೂ ಕನ್ನಡಕ, ಮೂಗಿಗೆ ಮಾಸ್ಕ್. ಗಾಜಿನ ಪುಡಿ ಒದ್ದೆಯಿದ್ದರೆ ಕೆಸರು, ಒಣಗಿದರೆ ಶ್ವಾಸಕೋಶಕ್ಕೆ ಮುಳ್ಳು.

ಶುರುವಿನಲ್ಲಿ ಕರಕರ ಸದ್ದು, ಆಮೇಲೆ ಬೀಸುವ ಕಲ್ಲಿನಂಥ ಒಂದೇ ಸಮದ ಸದ್ದು. ನೀರು ಹಾಲಿನ ಬಣ್ಣಕ್ಕೆ ತಿರುಗಿತು. ಬಾಟಲಿಯಿಂದ ಹೊಸ ನೀರು ಬಿಡುತ್ತಾ ಹಳೆಯದನ್ನು ಸ್ಪಂಜಿನಲ್ಲಿ ಹೀರಿದೆ. ಆಗಾಗ ಬಿಟ್ಟನ್ನು ಮೇಲೆತ್ತಿ, ತೋಡಿದ ಜಾಡಿಗೆ ನೀರಿಳಿಯಲು ಬಿಟ್ಟೆವು. ನಡುವೆ ಒಮ್ಮೆ ನನ್ನ ಕೈ ತಾನಾಗಿ ಬಲ ಹಾಕಲು ಹೋಯಿತು. "ಅಕ್ಕಾ, ಒತ್ಬೇಡ. ಅದೇ ತಿನ್ಕೊಂಡು ಹೋಗ್ತದೆ" ಅಂದ ತಮ್ಮ. 8 ಮಿ.ಮೀ. ದಾಟಲು ನಿಮಿಷಗಳೇ ಬೇಕು. ಅವಸರಕ್ಕೆ ಇಲ್ಲಿ ಜಾಗವಿಲ್ಲ.

ಕೊನೆಯ ಒಂದು ಮಿ.ಮೀ.ನಲ್ಲಿ ಸದ್ದು ಬದಲಾಗುತ್ತದೆ, ತೆಳ್ಳಗಾಗುತ್ತದೆ. ಆಗ ವೇಗ ತಗ್ಗಿಸಿ, ಡ್ರಿಲ್ಲಿನ ಭಾರವನ್ನೂ ಕೈಯಲ್ಲಿ ತಡೆದು ಹಿಡಿಯಬೇಕು. ಚಕ್ಕೆ ಏಳುವುದು ಬಿಟ್ಟು ಹೊರಬರುವ ಬದಿಯಲ್ಲಿ, ನಮ್ಮ ಮಟ್ಟಿಗೆ ಒಳಮೈಯಲ್ಲಿ. ರಬ್ಬರ್ ವಾಷರ್ ಕೂರುವುದೂ ಅಲ್ಲೇ. ಟಪ್ ಅಂತ ನಾಣ್ಯದಂಥ ದುಂಡನೆ ಗಾಜು ಟೇಪಿಗೆ ಅಂಟಿ ನಿಂತಿತು. ಬೆರಳಾಡಿಸಿ ನೋಡಿದೆ. ಅಂಚಿನಲ್ಲಿ ಸೂಜಿಮೊನೆಯಷ್ಟರ ಚಕ್ಕೆಗಳಿವೆ, ವಾಷರ್ ಅವನ್ನು ದಾಟಿ ಅಗಲವಾಗಿ ಕೂರುತ್ತದೆ. ನಯವಾದ ಎಮರಿ ಕಾಗದವನ್ನು ನೀರಲ್ಲಿ ಅದ್ದಿ ಅಂಚು ಉಜ್ಜಿದೆ. ಎರಡನೆಯದೂ ಹಾಗೇ ಆಯಿತು.

ಎರಡು ತೂತುಗಳಾಚೆ ಹಿತ್ತಲಿನ ತೆಂಗಿನ ಮರ ಕಾಣುತ್ತಿತ್ತು. ಎಷ್ಟೋ ಹೊತ್ತು ನೋಡುತ್ತ ಕೂತೆ. ಬಹಳ ಸಂತೋಷವಾಯಿತು.

ಜನವರಿ 22, ಬುಧವಾರ

ತೂತುಗಳ ಮುಂದೆ ಒಳಗಡೆ ಒಂದು ಗಾಜಿನ ಪೆಟ್ಟಿಗೆ ಕೂರಿಸಿದೆವು. ಮೇಲ್ಮೈಯ ನೀರು ಅದರ ಬಾಯಂಚನ್ನು ದಾಟಿ ಒಳಗೆ ಬಿದ್ದು ಪೈಪು ಸೇರುತ್ತದೆ. ಎಣ್ಣೆಪಸೆ, ದೂಳು ತೇಲುವುದು ಮೇಲ್ಮೈಯಲ್ಲೇ ಆದ್ದರಿಂದ ಮೊದಲು ಹೋಗುವುದೂ ಅದೇ. 5 ಮಿ.ಮೀ. ಗಾಜಿನ ತುಂಡುಗಳನ್ನು ಗಾಜಿನಂಗಡಿಯ ಅಣ್ಣ ಕತ್ತರಿಸಿ, ಅಂಚು ಕೂಡ ಉಜ್ಜಿ ಕೊಟ್ಟರು.

ಸಿಲಿಕೋನ್ ಕೊಳ್ಳುವಾಗ ಎಚ್ಚರ ಬೇಕು. ಬಚ್ಚಲುಮನೆಗೆಂದು ಮಾರುವುದರಲ್ಲಿ ಬೂಷ್ಟು ಹಿಡಿಯದಿರಲು ಮದ್ದು ಬೆರೆಸಿರುತ್ತಾರೆ, ಮೀನಿಗೆ ಅದೇ ವಿಷ. ಮದ್ದಿಲ್ಲದ, ವಿನೆಗರ್ ವಾಸನೆ ಬರುವ ಸಾದಾ ಸಿಲಿಕೋನ್ ಆಗಬೇಕು. ಹಳೇ ಸಿಲಿಕೋನಿನ ಮೇಲೆ ಹೊಸದು ಹಿಡಿಯುವುದಿಲ್ಲ, ಬ್ಲೇಡಿನಲ್ಲಿ ಪೂರ್ತಿ ಹೆರೆದು ಸ್ಪಿರಿಟ್ಟಿನಲ್ಲಿ ಒರೆಸಿದೆ. ಗಾಳಿಯ ತೇವದಿಂದಲೇ ಅದು ಗಟ್ಟಿಯಾಗುವುದು, ಹೊರಪದರದಿಂದ ಒಳಕ್ಕೆ. ಈ ಒಣ ಚಳಿಯಲ್ಲಿ ನಿಧಾನ. ಒಂದು ವಾರ ಯಾರೂ ಮುಟ್ಟಕೂಡದು ಎಂದು ಮನೆಯಲ್ಲಿ ಹೇಳಿದ್ದೇನೆ.

ಜನವರಿ 26, ಭಾನುವಾರ. ಮಾಗಡಿ ರಸ್ತೆ

ಧ್ವಜಾರೋಹಣ ಮುಗಿಸಿ ನಾಲ್ಕು ಮಕ್ಕಳನ್ನು ಅವರ ತಾಯಂದಿರೊಂದಿಗೆ ಮಂಚನಬೆಲೆಗೆ ಕರೆದುಕೊಂಡು ಹೋಗಿದ್ದೆ. ಸಾವನದುರ್ಗದ ಬಂಡೆ ಎದುರಿಗೇ. ತೊಟ್ಟಿಯಲ್ಲಿ ಕಲ್ಲು ಹೇಗೆ ಜೋಡಿಸಬೇಕೆಂದು ಮಕ್ಕಳು ನೀರಿನಂಚಿನ ಬಂಡೆಗಳನ್ನು ನೋಡಿ ಚಿತ್ರ ಬರೆದುಕೊಂಡರು. ಅಲ್ಲಿಂದ ಒಂದು ಕಲ್ಲನ್ನೂ ಎತ್ತಲಿಲ್ಲ. ತೊಟ್ಟಿಗೆ ಮಾಗಡಿಯ ಕಲ್ಲಂಗಡಿಯಿಂದ ದುಂಡನೆ ಗ್ರಾನೈಟ್ ಕಲ್ಲು ಕೊಂಡೆ. ಗ್ರಾನೈಟ್ ನೀರಿನಲ್ಲಿ ಕರಗುವುದಿಲ್ಲ. ನಮ್ಮ ಬೋರ್‌ವೆಲ್ ನೀರು ಮೊದಲೇ ಗಡಸು, ಸುಣ್ಣದ ಕಲ್ಲು ಹಾಕಿದರೆ ಇನ್ನೂ ಗಡಸಾಗುತ್ತದೆ. ಸಂಶಯ ಬಂದ ಕಲ್ಲಿನ ಮೇಲೆ ವಿನೆಗರ್ ಹನಿಸಿ ನೋಡಬೇಕು, ಗುಳ್ಳೆ ಎದ್ದರೆ ಬೇಡ.

ಫೆಬ್ರವರಿ 2, ಭಾನುವಾರ

ನಿಪ್ಪಲ್ ಕೂರಿಸಿದ್ದಾಯಿತು. ವಾಷರ್ ನೀರಿನ ಬದಿಗೆ, ನಟ್ಟು ಹೊರಗೆ. ವಾಷರಿಗೆ ಸಿಲಿಕೋನ್ ಬಳಿಯಬಾರದು, ಅದು ಜಾರಿಸುತ್ತದೆ. ನಟ್ಟನ್ನು ಕೈಯಲ್ಲಿ ಬಿಗಿದು, ಮೇಲೆ ಕಾಲು ಸುತ್ತು, ಅಷ್ಟೇ. ಪ್ಲಂಬರ್ ಅಣ್ಣ ರೆಂಚ್ ಎತ್ತಿದಾಗ ಕೈ ಹಿಡಿದು ನಿಲ್ಲಿಸಿದೆ.

ಸ್ಟ್ಯಾಂಡಿನ ಮೇಲೆ ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್, ರಸಮಟ್ಟ ಇಟ್ಟು ನಾಲ್ಕೂ ದಿಕ್ಕು ಸರಿನೋಡಿ, ಹಂತಹಂತವಾಗಿ ನೀರು ತುಂಬಿದೆವು. ಕೆಳಗೆ ಹಳೇ ದಿನಪತ್ರಿಕೆ ಹಾಸಿದೆ, ಒಂದು ಹನಿ ಬಿದ್ದರೂ ಕಾಗದದಲ್ಲಿ ಕಲೆ ಕಾಣುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿದರೆ ಕಾಗದ ಒಣಗಿಯೇ ಇತ್ತು.

ಫೆಬ್ರವರಿ 8, ಶನಿವಾರ. ಶಾಲೆ

ತೊಟ್ಟಿ ವಿಜ್ಞಾನ ಕೊಠಡಿಗೆ ಬಂದಿದೆ. ಇವತ್ತು ಬೇಕಂತಲೇ ಕರೆಂಟ್ ತೆಗೆದು ಪರೀಕ್ಷೆ. ನಮ್ಮ ಕಡೆ ಕರೆಂಟ್ ಹೋಗುತ್ತದೋ ಇಲ್ಲವೋ ಎಂಬ ಪ್ರಶ್ನೆ ಇಲ್ಲ, ಹೋದಾಗ ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ.

ಮಕ್ಕಳೇ ಬೋರ್ಡಿನ ಮೇಲೆ ಲೆಕ್ಕ ಮಾಡಿದರು. ತೊಟ್ಟಿ 121 ಸೆಂ.ಮೀ. ಉದ್ದ, 45 ಅಗಲ. ನೀರು ಒಂದು ಸೆಂ.ಮೀ. ಇಳಿದರೆ 5.4 ಲೀಟರ್ ಸಂಪಿಗೆ ಬರುತ್ತದೆ. ಪಂಪ್ ನಿಂತಾಗ, ಮೇಲಿನ ಪೈಪಿನ ಬಾಯಿ ನೀರೊಳಗೆ ಮುಳುಗಿದ್ದರೆ ಅದೇ ಸೈಫನ್ ಆಗಿ, ಬಾಯಿ ಬರಿದಾಗುವವರೆಗೆ ನೀರನ್ನು ಹಿಂದಕ್ಕೆ ಎಳೆಯುತ್ತದೆ. ಅದಕ್ಕೇ ಆ ಪೈಪಿಗೆ ನೀರಿನ ಮಟ್ಟದ ಸ್ವಲ್ಪವೇ ಕೆಳಗೆ 3 ಮಿ.ಮೀ. ತೂತು ಮಾಡಿದ್ದೇವೆ. ಅಲ್ಲಿಂದ ಗಾಳಿ ಹೊಕ್ಕು ಸೈಫನ್ ಮುರಿಯುತ್ತದೆ. ಸ್ವಿಚ್ ಆರಿಸಿದೆ. ಸಂಪಿಗೆ ಬಂದದ್ದು ಸುಮಾರು 11 ಲೀಟರ್. ಆ ತೂತನ್ನು ಟೇಪಿನಿಂದ ಮುಚ್ಚಿ ಮತ್ತೆ ಆರಿಸಿದಾಗ 20ರ ಹತ್ತಿರ. ಪಾಚಿ ಕಟ್ಟಿ ತೂತು ಮುಚ್ಚಿಹೋಗುವ ದಿನವೂ ಬರುತ್ತದೆ. ಆದ್ದರಿಂದ ಸಂಪಿನಲ್ಲಿ ಖಾಲಿ ಬಿಡಬೇಕಾದದ್ದು 11 ಲೀಟರಿನ ಲೆಕ್ಕಕ್ಕಲ್ಲ, 20ರ ಲೆಕ್ಕಕ್ಕೆ. 70 ಲೀಟರಿನ ಸಂಪು, 40ರ ಗೆರೆಗೆ ಕೆಂಪು ಬಣ್ಣ ಬಳಿದೆವು. ಪಂಪ್ ಓಡುವಾಗ ಅದರ ಮೇಲೆ ನೀರು ತುಂಬಕೂಡದು.

ಆಮೇಲೆ ಮೊದಲ ಪೈಪಿನ ಬಾಯನ್ನು ಬಟ್ಟೆಯಿಂದ ಮುಚ್ಚಿದೆ. ನೀರು ಏರಿತು, ಎರಡನೇ ಪೈಪಿನಲ್ಲಿ ಸದ್ದು ಮಾಡುತ್ತಾ ಇಳಿಯಿತು. ಆ ಸದ್ದೇ ಎಚ್ಚರಿಕೆಯ ಗಂಟೆ. ಪಂಪಿನ ಲೈನಿಗೆ, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದ್ದಾಯಿತು. ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಮತ್ತೆ ಮೇಲೇರುತ್ತದೆ, ಹನಿ ಹರಿದು ಬಂದರೂ ಸಾಕೆಟ್ ಮುಟ್ಟದೆ ಆ ಬಾಗಿನಲ್ಲೇ ಉದುರುತ್ತದೆ. ಕಂಪ್ಯೂಟರ್ ಕೊಠಡಿಯ ಯುಪಿಎಸ್‌ನಿಂದ ಒಂದು ಸಣ್ಣ ಏರ್ ಪಂಪಿಗೂ ಲೈನ್ ಎಳೆಸಿದೆ.

ಮೀನು ಯಾವಾಗ ಎಂದು ಎಲ್ಲರ ಒಂದೇ ಪ್ರಶ್ನೆ. ಈಗಲೇ ಇಲ್ಲ. ಸಂಪಿನ ಸ್ಪಂಜಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಬೇಕು, ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗುವ ದಾರಿ ಕೂಡಬೇಕು. ಅದಕ್ಕೆ ನಾಲ್ಕರಿಂದ ಆರು ವಾರ. ಬರೀ ನೀರು ಸುತ್ತುವುದನ್ನೇ ಮಕ್ಕಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಾರೆ.

ಮಾರ್ಚ್ 15, ಶನಿವಾರ

ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಮೀನು ಬಿಟ್ಟೆವು.

ನದಿಯಿಂದ ಹಿಡಿದದ್ದಲ್ಲ. ಬೆಂಗಳೂರಿನ ಅಂಗಡಿಯಿಂದ ತಂದ, ತೊಟ್ಟಿಯಲ್ಲೇ ಮರಿಮಾಡಿಸಿ ಬೆಳೆಸಿದ ಮರಿಗಳು: ಅರುಳಿಯಸ್ ಬಾರ್ಬ್, ಜೊತೆಗೆ ಜೈಂಟ್ ಡೇನಿಯೋ. ಅರುಳಿಯಸ್ ಕಾವೇರಿ ಸೀಮೆಯ ಮೀನು, ಜೆರ್ಡಾನ್ ಎಂಬ ವೈದ್ಯ 1849ರಲ್ಲಿ ಅದನ್ನು ಮೊದಲು ವಿವರಿಸಿದ. ಈಗ ನದಿಯಲ್ಲಿ ಅದಕ್ಕೂ ಕುತ್ತು ಬಂದಿದೆ. ಚೀಲದ ನೀರಿನ ಬಿಸಿ ಹೊಂದುವವರೆಗೆ ತೇಲಿಸಿಟ್ಟು, ನಿಧಾನಕ್ಕೆ ಬಿಟ್ಟೆವು. ಸ್ವಲ್ಪ ಹೊತ್ತು ಕಲ್ಲಿನ ಹಿಂದೆ ಅಡಗಿದವು. ಆಮೇಲೆ ಒಂದೊಂದಾಗಿ ಹೊರಬಂದು, ಪೈಪಿನ ಬಾಯಿಗೆ ಎದುರಾಗಿ, ಸೆಳವಿಗೆ ಮುಖಮಾಡಿ ಸಾಲಾಗಿ ನಿಂತವು. ಅವನ್ನು ಹಾಗೆ ನಿಲ್ಲಿಸಿದ್ದು ನಾವಲ್ಲ. ನದಿಯನ್ನೇ ಕಾಣದ ಮರಿಗಳಿಗೂ ಆ ಬುದ್ಧಿ ಇದೆ. ಸಾಬರ ಮೊಮ್ಮಗನೂ ಬಂದಿದ್ದ. ನೊರೆಯ ಮಾತು ಆಡಿದ್ದ ಹುಡುಗ ಮೂಗನ್ನು ಗಾಜಿಗೆ ಒತ್ತಿ, "ಮಿಸ್, ಎದುರಿಗೇ ಹೋಗ್ತಾವೆ" ಅಂದ.

ತೊಟ್ಟಿಯ ಪಕ್ಕ ಅಂಟಿಸಲು ಬರೆದದ್ದು:

ಪಂಪ್ ಓಡುವಾಗ ಸಂಪಿನ ನೀರು ಕೆಂಪು ಗೆರೆ ದಾಟಬಾರದು. ಎರಡನೇ ಪೈಪಿನಲ್ಲಿ ಸದ್ದು ಕೇಳಿದರೆ ಕೂಡಲೇ ಮಿಸ್‌ಗೆ ಹೇಳಿ. ಸೈಫನ್ ತೂತನ್ನು ಪ್ರತಿ ಶನಿವಾರ ಕಡ್ಡಿಯಿಂದ ಚುಚ್ಚಿ ನೋಡಿ. ಬದಲಿಸಿದ ಹಳೇ ನೀರು ಗಿಡಗಳಿಗೆ. ಮೀನು ಹೆಚ್ಚಾದರೆ ಸಾಕುವವರಿಗೆ ಕೊಡಿ. ಅರ್ಕಾವತಿಗಾಗಲಿ, ಕಣ್ವ ಜಲಾಶಯಕ್ಕಾಗಲಿ, ಯಾವ ಕೆರೆಗಾಗಲಿ ಬಿಡಬೇಡಿ. ತೊಟ್ಟಿಯ ಮೀನಿನೊಡನೆ ತೊಟ್ಟಿಯ ರೋಗವೂ ನದಿಗೆ ಹೋಗುತ್ತದೆ.